ಅರ್ಧ ಪಗಾರ

ನೆರೆಮನೆಯ ಮಾಬ್ಲೇಶ್ವರ ಬಿದಿರಿನ ಎರಡು ಗಳಗಳಿಗೆ ಅಡ್ಡಪಟ್ಟಿ ಕೂಡಿಸಿ ಕತ್ತದ ಹಗ್ಗ ಬಿಗಿಯುತ್ತಿದ್ದ. ಕೊನೆಯ ಗಂಟು ಹಾಕಿ, ಉಳಿದ ತುದಿಯನ್ನು ಕತ್ತಿಯಿಂದ ಕೊಯ್ಯಲು ಹೋದವನು ಕೈ ತಡೆದ.

"ದೇವಿದಾಸ ಇದ್ದಿದ್ರೆ ಕೊಯ್ಯೂಕೆ ಬಿಡ್ತಿರ್ಲಿಲ್ಲ," ಎಂದ. "ಎಂತಕ್ಕೆ ಹಾಳು ಮಾಡ್ತ್ಯೋ, ಇರ್ಲಿ, ಮತ್ತೊಂದಕ್ಕೆ ಆಗ್ತದೆ ಅಂತಿದ್ದ."

ಅಂಗಳದಲ್ಲಿ ಕೂತಿದ್ದ ಇಬ್ಬರು ಮೂವರು ನಕ್ಕರು. ಒಳಗಿನಿಂದ ಹೆಂಗಸರ ಅಳು ಕೇಳಿದ್ದೇ ನಗು ನುಂಗಿಕೊಂಡರು.

ಮಾಜಾಳಿಯ ಆ ಮನೆ ಹೆದ್ದಾರಿಗೂ ಸಮುದ್ರಕ್ಕೂ ನಡುವೆ, ಗಾಳಿಮರಗಳ ಸಾಲಿನ ಹಿಂದೆ ಇತ್ತು. ಹಿಂದಿನ ಸಂಜೆ ದೇವಿದಾಸ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು, ಎದೆ ಹಿಡಿದಂತಾಗುತ್ತದೆ ಎಂದು ಜಗಲಿಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ರಿಕ್ಷಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರವಾರದ ಬಂದರಿನಲ್ಲಿ ಲಾಂಚಿನ ಖಲಾಸಿಯಾಗಿದ್ದು ನಿವೃತ್ತನಾದ ಮೇಲೆ ಅವನು ಒಂದು ಮಳೆಗಾಲವನ್ನೂ ಪೂರ್ತಿ ಮನೆಯಲ್ಲಿ ಕೂತು ನೋಡಿರಲಿಲ್ಲ.

ಹಿರಿಯ ಮಗ ಕಿಶನ ಗೋವಾದ ಕಾರ್ಖಾನೆಯಿಂದ ಬಂದು, ಮಿಂದು, ಒದ್ದೆ ಪಂಚೆಯಲ್ಲಿ ತಂದೆಯ ತಲೆಯ ಬಳಿ ಕೂತಿದ್ದ. ಕಿರಿಯವನು ಆಶಿಷ, ಬೈತಖೋಲದಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು, ಟೆಂಪೋದಿಂದ ಸೌದೆ ಇಳಿಸುತ್ತಿದ್ದ. ಅವನಿಗೆ ಕೂರಲು ಆಗುತ್ತಿರಲಿಲ್ಲ.

ಸತ್ತವನ ಹೆಂಡತಿ ವೈಜಯಂತಿಯ ತಮ್ಮ ಸುಬ್ಬ ಅಂಕೋಲೆಯಿಂದ ಬಂದಿದ್ದ. ಅವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿ ಹೇಳಿದ: "ಸರ್ಕಾರಿ ನೌಕರಿ ಇದ್ದಂವ. ಈ ಗೋಡೆಗೆ ಸುಣ್ಣ ಕಂಡದ್ದು ನಮ್ಮಕ್ಕ ಮದುವೆಯಾಗಿ ಬಂದಾಗ ಇರ್ಬೇಕು. ಇಷ್ಟು ಜುಗ್ಗತನ ಒಳ್ಳೇದಲ್ಲ."

"ಜುಗ್ಗ ಅಲ್ಲವೋ ಅಂವ," ಎಂದ ಮಾಬ್ಲೇಶ್ವರ. "ಅರ್ಧ ಪಗಾರ ಕೈಗೆ ಬರೂ ಮೊದ್ಲೇ ಹೋಗ್ತಿತ್ತು. ನಿಂಗೆ ಗೊತ್ತಿಲ್ವಾ? ಆ ದತ್ತಾನ ಸಾಲ."

ದತ್ತಾನ ಹೆಸರು ಕೇಳಿ ಆಶಿಷ ಹೊತ್ತಿದ್ದ ಕೊರಡನ್ನು ದೊಪ್ಪನೆ ಕೆಳಗೆ ಹಾಕಿದ. "ಇವತ್ತು ಆ ಹೆಸರು ಬೇಡ ಕಾಕಾ," ಎಂದು ಮತ್ತೆ ಟೆಂಪೋದ ಕಡೆ ನಡೆದ.

*

ದತ್ತಾ ಮತ್ತು ದೇವಿದಾಸ ಒಂದೇ ಕೇರಿಯವರು. ಮೀಸೆ ಬರುವ ಮೊದಲೇ ಒಂದೇ ದೋಣಿಯಲ್ಲಿ ಬಲೆ ಎಳೆದವರು. ದೇವಿದಾಸನಿಗೆ ಬಂದರಿನಲ್ಲಿ ನೌಕರಿ ಸಿಕ್ಕಿತು. ದತ್ತಾ ಸಮುದ್ರ ಬಿಡಲಿಲ್ಲ. ಇಂಜಿನ್ ಇರುವ ಸ್ವಂತ ದೋಣಿ ಮಾಡಬೇಕೆಂದು ಅವನು ಮೀನುಗಾರರ ಸೊಸಾಯಿಟಿಯಲ್ಲಿ ಸಾಲ ಕೇಳಿದಾಗ, ತಿಂಗಳ ಪಗಾರ ಇರುವವನೊಬ್ಬನ ಜಾಮೀನು ಬೇಕಾಯಿತು. ದೇವಿದಾಸ ಸಹಿ ಹಾಕಿ ಬಂದ. ಹೆಂಡತಿಗೆ ಹೇಳಿದ್ದು ಊಟಕ್ಕೆ ಕೂತಾಗ. "ಅಂವ ಕೇಳ್ದ, ನಾ ಹಾಕ್ದೆ," ಎಂದು ಸಾರು ಬಡಿಸಿಕೊಂಡ.

ಕೆಲವು ವರ್ಷ ಕಂತು ಸರಿಯಾಗಿಯೇ ಹೋಯಿತು. ಆಮೇಲೆ ಒಂದು ಮಳೆಗಾಲದ ಕೊನೆಯ ಗಾಳಿಗೆ ದೋಣಿ ಬೇಲೇಕೇರಿಯ ಹತ್ತಿರ ಬಂಡೆಗೆ ಬಡಿದು ಎರಡಾಯಿತು. ದತ್ತಾ ಈಜಿ ದಡ ಸೇರಿದ. ವಿಮೆ ಕಟ್ಟುವುದು ತಪ್ಪಿಹೋಗಿತ್ತು. ಕೆಲವು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಬೀಗ. ಹೆಂಡತಿಯನ್ನು ತವರಿಗೆ ಬಿಟ್ಟು ಗೋವಾಕ್ಕೆ ಹೋದ ಎಂದರು. ದೇವಿದಾಸನಿಗೂ ಹೇಳಿ ಹೋಗಿರಲಿಲ್ಲ.

ಸೊಸಾಯಿಟಿಯ ನೋಟೀಸು ದೇವಿದಾಸನ ಆಫೀಸಿಗೆ ಬಂತು. ಪಗಾರದಲ್ಲೇ ಕಟಾವು ಶುರುವಾಯಿತು. ಪರಿಚಯದ ವಕೀಲರೊಬ್ಬರು, ಕೋರ್ಟಿಗೆ ಹಾಕಿದರೆ ಸ್ವಲ್ಪ ಕಾಲ ನಿಲ್ಲಿಸಬಹುದು ಎಂದರು.

"ಬಡ್ಡಿ ನಿಲ್ತದ್ಯಾ?" ಎಂದು ದೇವಿದಾಸ ಕೇಳಿದ.

ನಿಲ್ಲುವುದಿಲ್ಲ ಎಂದರು. ಅವನು ಎದ್ದು ಬಂದ.

ಉಳಿದ ಅರ್ಧದಲ್ಲಿ ಬದುಕುವುದನ್ನು ಮನೆ ನಿಧಾನವಾಗಿ ಕಲಿಯಿತು. ಮೊದಲು ಹೋದದ್ದು ಬೀಡಿ. ನಂತರ ಬಸ್ಸು: ಮಾಜಾಳಿಯಿಂದ ಕಾಳಿ ಸೇತುವೆ ದಾಟಿ ಬಂದರಿನವರೆಗೆ ಸೈಕಲ್ಲು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು. ಆಫೀಸಿನವರು ಚಹಾಕ್ಕೆ ಹೊರಟಾಗ ಅವನಿಗೆ ಲಾಂಚಿನಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ವೈಜಯಂತಿ ಒಂದು ತೆಂಗಿನಕಾಯಿಯನ್ನು ಎರಡು ದಿನದ ಅಡಿಗೆಗೆ ಎಳೆಯುತ್ತಿದ್ದಳು. ತಾರ್ಲೆ ಮೀನು ರಾಶಿ ಬಿದ್ದು ಅಗ್ಗವಾದ ದಿನ ಬುಟ್ಟಿಗಟ್ಟಲೆ ತಂದು ಉಪ್ಪು ಹಾಕಿ ಒಣಗಿಸುತ್ತಿದ್ದಳು. ಇಸೋಣ, ಪಾಪ್ಲೆಟ್‌ನಂಥ ದುಬಾರಿ ಮೀನುಗಳು ಬೇರೆಯವರ ಮನೆಯ ಮೀನುಗಳಾದವು. ಅದೂ ಸಾಲದೆ ಅವಳು ಸಿಗಡಿ ಸುಲಿಯುವ ಕೆಲಸಕ್ಕೆ ಹೋಗತೊಡಗಿದಳು. ಬರ್ಫದ ನೀರಿನಲ್ಲಿ ಬೆರಳ ತುದಿಗಳು ಬಿಳುಚಿ ಒಡೆಯುತ್ತಿದ್ದವು.

ಇಲಾಖೆ ಕೊಡುವ ಹೊಸ ಖಾಕಿ ಬಟ್ಟೆಯನ್ನು ದೇವಿದಾಸ ತಾನು ಹೊಲಿಸಿಕೊಳ್ಳುತ್ತಿರಲಿಲ್ಲ. ಹಳೆಯ ಪ್ಯಾಂಟಿಗೆ ತೇಪೆ ಹಾಕಿಸಿ, ಹೊಸ ಬಟ್ಟೆಯಲ್ಲಿ ಮಕ್ಕಳಿಗೆ ಶಾಲೆಯ ಚೀಲ, ಚಡ್ಡಿ, ಕೊನೆಗೆ ದಿಂಬಿನ ಚೀಲ ಕೂಡ ಮಾಡಿಸುತ್ತಿದ್ದ. ಶಾಲೆಯಲ್ಲಿ ಆಶಿಷನನ್ನು ಹುಡುಗರು 'ಪೋಲೀಸ' ಎಂದು ಕರೆಯುತ್ತಿದ್ದರು. ಅವನು ಹೊಡೆದಾಡಿ ಬಂದ ದಿನ ದೇವಿದಾಸ ಹರಿದ ಚೀಲವನ್ನು ತಾನೇ ಹೊಲಿದುಕೊಟ್ಟ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಆಶಿಷನಿಗೆ ಅನಿಸಿತ್ತು.

ಪಿಯುಸಿ ಮುಗಿದ ವರ್ಷ ಅವನಿಗೆ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ಮೆಕ್ಯಾನಿಕಲ್. ದೇವಿದಾಸ ಕಾಗದವನ್ನು ಎರಡು ಸಲ ಓದಿ, ಮಡಚಿ ಮಗನ ಕೈಗೇ ಕೊಟ್ಟ. "ಒಂದು ವರ್ಷ ತಡ್ಕೋ ತಮ್ಮಾ," ಎಂದ. ಆ ವರ್ಷವೇ ವೈಜಯಂತಿಗೆ ಆಪರೇಷನ್ ಆಯಿತು. ಮರುವರ್ಷ ಆಶಿಷ ಕೇಳಲಿಲ್ಲ. ಬೈತಖೋಲದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ.

ಸಾಲ ತೀರಿ ಮೊದಲ ಸಲ ಪೂರ್ತಿ ಪಗಾರ ಕೈಗೆ ಬಂದ ದಿನ ದೇವಿದಾಸ ಮನೆಗೆ ಹೋಗದೆ ಸೀದಾ ಗ್ಯಾರೇಜಿಗೆ ಬಂದಿದ್ದ. ಸೈಕಲ್ ಹಿಡಿದುಕೊಂಡೇ ನಿಂತು, "ಈಗ ಹೋಗ್ತ್ಯಾ ಡಿಪ್ಲೊಮಾಕ್ಕೆ?" ಎಂದು ಕೇಳಿದ.

ಆಶಿಷ ಇಂಜಿನ್ನಿನಿಂದ ತಲೆ ಎತ್ತಲಿಲ್ಲ. "ಈಗ ಆ ಮಕ್ಕಳ ನಡುವೆ ಹೋಗಿ ಕೂತ್ಕೊಳ್ಳಾ? ಸಾಕು ಹೋಗಿ ಅಪ್ಪಾ."

ದೇವಿದಾಸ ಸೈಕಲ್ ತಿರುಗಿಸಿಕೊಂಡು ಹೋದ. ಏರಿನಲ್ಲಿ ಹತ್ತಲಿಲ್ಲ, ತಳ್ಳಿಕೊಂಡೇ ಹೋದ.

*

ಚಟ್ಟಕ್ಕೆ ಹಸಿ ತೆಂಗಿನ ಗರಿ ಹಾಸುವಾಗ ಅಂಗಳದ ಮಾತು ಒಮ್ಮೆಲೆ ನಿಂತಿತು. ಹೆದ್ದಾರಿಯಿಂದ ಇಳಿದು ಬರುವ ಹಾದಿಯಲ್ಲಿ ಒಬ್ಬ ಕೃಶವಾದ ಮುದುಕ ನಿಂತಿದ್ದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಅಬ್ಬಲಿಗೆಯ ಮಾಲೆ. ಬೇಲಿಯ ತಡಮೆ ದಾಟದೆ ಹೊರಗೇ ನಿಂತಿದ್ದ.

"ದತ್ತಾ," ಎಂದ ಮಾಬ್ಲೇಶ್ವರ, ಯಾರಿಗೂ ಅಲ್ಲ ಎಂಬಂತೆ.

ಆಶಿಷ ಎಲ್ಲರಿಗಿಂತ ಮೊದಲು ತಡಮೆಯ ಬಳಿ ಹೋದ. "ಎಂತಕ್ಕೆ ಬಂದ್ರಿ?"

"ನೋಡೂಕೆ ಬಂದೆ ತಮ್ಮಾ. ಒಂದು ಸಲ ಮುಖ ನೋಡಿ ಹೋಗ್ತೆ."

"ಮುಖ ತೋರಿಸ್ಬೇಕಾದಾಗ ಎಲ್ಲಿದ್ರಿ? ನಮ್ಮಪ್ಪ ಕಾಳಿ ಸೇತುವೆ ಮೇಲೆ ಮಳೆಯಲ್ಲಿ ಸೈಕಲ್ ತುಳಿತಿದ್ದಾಗ ಎಲ್ಲಿದ್ರಿ? ಈಗ ಹೂ ತಗೊಂಡು ಬಂದ್ರಾ? ನಡೀರಿ. ಕಾಲು ಒಳಗೆ ಇಟ್ರೆ ಮುರಿತೆ."

ದತ್ತಾ ಹೋಗಲಿಲ್ಲ.

"ಯಾರು ಸುದ್ದಿ ಕೊಟ್ರು ಇವರಿಗೆ?" ಆಶಿಷ ಅಂಗಳದ ಕಡೆ ತಿರುಗಿ ಕೂಗಿದ. "ಯಾರು ಹೇಳಿ ಕಳಿಸ್ದ್ರು?"

"ನಾನು."

ಬಾಗಿಲಲ್ಲಿ ವೈಜಯಂತಿ ನಿಂತಿದ್ದಳು. ಅತ್ತು ಕಣ್ಣು ಬಾತಿತ್ತು, ದನಿ ಮಾತ್ರ ಸರಿಯಾಗಿತ್ತು. "ಮಡಗಾಂವಕ್ಕೆ ಮೀನು ಒಯ್ಯೂ ಟೆಂಪೋದ ಬೀರಾನ ಹತ್ರ ಬೆಳಿಗ್ಗೆ ನಾನೇ ಹೇಳಿ ಕಳಿಸ್ದೆ."

"ಆಯಿ, ನೀನಾ?"

"ಇಲ್ಲಿ ಬಾ." ಅವಳು ಮಗನನ್ನು ಜಗಲಿಯ ಮೂಲೆಗೆ ಕರೆದಳು. ಕಿಶನನೂ ಎದ್ದು ಬಂದ. "ನಾವು ಇವನ್ನ ಒಂದ್ಸಲ ಮಡಗಾಂವದಲ್ಲಿ ನೋಡಿದ್ವು. ನಾನೂ ನಿಮ್ಮಪ್ಪನೂ. ನಿಮ್ಮತ್ರ ಹೇಳ್ಬೇಡ ಅಂದಿದ್ರು ಅವರು."

*

ಕಿಶನನಿಗೆ ಗೋವಾದಲ್ಲಿ ಕೆಲಸ ಸಿಕ್ಕಿದ ವರ್ಷ ಅದು. ಪಗಾರದ ಕಟಾವು ಇನ್ನೂ ನಡೆದಿತ್ತು. ಹಾಸಿಗೆಯ ಸುರುಳಿ, ಒಣಮೀನಿನ ಡಬ್ಬಿ ಸಮೇತ ಮಗನನ್ನು ಅವನ ಬಾಡಿಗೆ ಖೋಲಿಗೆ ಬಿಟ್ಟು ಗಂಡ ಹೆಂಡತಿ ಮಡಗಾಂವದಲ್ಲಿ ಬಸ್ಸು ಬದಲಿಸಲು ಇಳಿದಿದ್ದರು. ಮೀನು ಪೇಟೆಯ ಪಕ್ಕ ನಡೆಯುವಾಗ ಎದುರಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ದತ್ತಾ ಬಂದ.

ಅವನು ಓಡಲಿಲ್ಲ. ಬುಟ್ಟಿ ಇಳಿಸಲೂ ಇಲ್ಲ. ಮೀನಿನ ನೀರು ಅವನ ಕಿವಿಯ ಬದಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು.

ವೈಜಯಂತಿ ಬಾಯಿ ತೆರೆದಳು. ಸಿಗಡಿ ಸುಲಿಯುತ್ತ ವರ್ಷಗಟ್ಟಲೆ ಮನಸ್ಸಿನಲ್ಲೇ ಆಡಿ ಆಡಿ ಹರಿತ ಮಾಡಿಟ್ಟ ಮಾತುಗಳಿದ್ದವು. ಅಷ್ಟರಲ್ಲಿ ದೇವಿದಾಸ ಕೇಳಿದ:

"ಉಂಡ್ಯಾ?"

ಪಕ್ಕದ ಖಾನಾವಳಿಯಲ್ಲಿ ಅವನು ಮೂರು ಮೀನೂಟ ಹೇಳಿದ. ಹೊರಗೆ ಒಂದು ಲೋಟ ಚಹಾ ಕುಡಿಯದ ಮನುಷ್ಯ ಮೂರು ಊಟ ಹೇಳುವುದನ್ನು ವೈಜಯಂತಿ ಉಸಿರು ಹಿಡಿದು ನೋಡಿದಳು. ದತ್ತಾ ಅನ್ನ ಕಲಸಿದ, ತುತ್ತು ಎತ್ತಲಾಗಲಿಲ್ಲ.

"ನಿನ್ನ ಹತ್ರ ಹೇಳಿ ಹೋಗ್ಬೇಕು ಅಂತ ಮನೆ ತನಕ ಬಂದಿದ್ದೆ," ಎಂದ. "ನೀ ಅಂಗಳದಲ್ಲಿ ಮಕ್ಕಳ ಸಂಗ್ತಿ ಕೂತಿದ್ದೆ. ನೋಡಿ ತಿರುಗಿ ಹೋದೆ."

"ಕರೀಬೇಕಾಗಿತ್ತು."

"ಕರೆದಿದ್ರೆ ಎಂತ ಮಾಡ್ತಿದ್ದೆ?"

ದೇವಿದಾಸ ನಿಜವಾಗಿಯೂ ಯೋಚಿಸಿದ. "ಬೈತಿದ್ದೆ," ಎಂದ. "ಆಮೇಲೆ ಇಬ್ರೂ ಕೂಡಿ ಕಟ್ಟೂದು ಹ್ಯಾಂಗೆ ಅಂತ ನೋಡ್ತಿದ್ವು."

ದತ್ತಾ ಎಡಗೈಯಿಂದ ಮುಖ ಮುಚ್ಚಿಕೊಂಡ. ದೇವಿದಾಸ ತನ್ನ ಊಟ ಮುಗಿಸಿದ. ದತ್ತಾನ ಎಲೆಯಲ್ಲಿ ಹುರಿದ ಬಂಗಡೆ ಹಾಗೆಯೇ ಉಳಿದದ್ದು ನೋಡಿ, ಹಾಳಾಗುತ್ತದೆ ಎಂದು ಅದನ್ನೂ ತೆಗೆದು ತಿಂದ.

ತಿರುಗಿ ಬರುವ ಬಸ್ಸು ಕಾಣಕೋಣ ದಾಟಿತು.

"ಒಂದು ಮಾತು ಕೇಳ್ಲಿಲ್ಲ ನೀವು," ಎಂದಳು ವೈಜಯಂತಿ ಕೊನೆಗೆ. "ಯಾವಾಗ ಕೊಡ್ತೆ ಅಂತಾದ್ರೂ."

"ಎಂತ ಕೇಳೂದು? ಅವಂಗೆ ಕಾಲಲ್ಲಿ ಚಪ್ಪಲಿ ಇರ್ಲಿಲ್ಲ," ಎಂದು ದೇವಿದಾಸ ಕಿಟಕಿಯ ಹೊರಗೆ ನೋಡಿದ. ಟಿಕೆಟ್ಟನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತ ಹೇಳಿದ: "ಮಕ್ಕಳ ಹತ್ರ ಹೇಳ್ಬೇಡ. ಹೋಗಿ ಹೊಡೀತಾರೆ."

ಅದಾದ ಮೇಲೆ ದತ್ತಾ ಬೀರಾನ ಟೆಂಪೋದಲ್ಲಿ ಒಂದೆರಡು ಸಲ ಏನೋ ಸ್ವಲ್ಪ ಹಣ ಕಳಿಸಿದ. ನಂತರ ಅದು ನಿಂತಿತು. ಯಾಕೆಂದು ದೇವಿದಾಸ ಕೇಳಿ ಕಳಿಸಲಿಲ್ಲ.

*

"ಹಾಗಾದ್ರೆ ನೀನು ಮಾಫ್ ಮಾಡ್ದ್ಯಾ ಇವರನ್ನ?" ಆಶಿಷ ಕೇಳಿದ.

"ಇಲ್ಲ," ಎಂದಳು ವೈಜಯಂತಿ. "ನಂಗೆ ಇವತ್ತೂ ಸಿಟ್ಟದೆ. ನನ್ನ ಕೈ ನೋಡು, ಇದು ಇನ್ನು ಸರಿಯಾಗೂದಿಲ್ಲ. ನಿನ್ನ ಕಾಲೇಜು ತಿರುಗಿ ಬರೂದಿಲ್ಲ. ಆದ್ರೆ ಅವರಿಗೆ ಸಿಟ್ಟು ಇರ್ಲಿಲ್ಲ ಮಗಾ. ನಾ ಅಷ್ಟು ವರ್ಷ ಪಕ್ಕದಲ್ಲಿ ಮಲಗಿ ನೋಡಿದ್ದೆ, ಇರ್ಲಿಲ್ಲ. ದತ್ತಾ ಇದ್ದಿದ್ರೆ ಇವತ್ತು ಬಲೆ ತುಂಬ್ತಿತ್ತು ಅಂತ ಸಮುದ್ರ ನೋಡಿ ಹೇಳ್ತಿದ್ರು. ಇವತ್ತು ಅವರ ದಿವ್ಸ. ನಾಳೆ ನೀ ಬೇಕಾದ್ರೆ ಮಡಗಾಂವಕ್ಕೆ ಹೋಗಿ ಇವನ ಸಂಗ್ತಿ ಜಗಳ ಮಾಡು. ನಾನೂ ಬರ್ತೆ."

ಆಶಿಷ ಗೋಡೆಗೆ ಒರಗಿದ. ಕಿಶನ ತಮ್ಮನ ಭುಜ ಮುಟ್ಟಿ, ತಾನೇ ಹೋಗಿ ತಡಮೆಯ ಅಡ್ಡಕೋಲು ಸರಿಸಿದ.

ದತ್ತಾ ಒಳಗೆ ಬಂದು ಮಾಲೆಯನ್ನು ದೇವಿದಾಸನ ಎದೆಯ ಮೇಲಿಟ್ಟ. ಮುಖದ ಬಳಿ ಬಾಗಿ ಏನೋ ಹೇಳಿದ; ಹೆಂಗಸರ ಅಳುವಿನಲ್ಲಿ ಯಾರಿಗೂ ಕೇಳಲಿಲ್ಲ. ಆಮೇಲೆ ವೈಜಯಂತಿಯ ಕಡೆ ತಿರುಗಿ "ವೈನಿ," ಎಂದ. ಅವಳು ತಲೆ ಅಲ್ಲಾಡಿಸಿದಳು, ಈಗ ಬೇಡ ಎಂಬಂತೆ.

ಬಿಸಿಲು ಏರಿತ್ತು. ಕಿಶನ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಚಟ್ಟದ ಹಿಂದಿನ ಎರಡು ತುದಿಗಳಿಗೆ ಮಾಬ್ಲೇಶ್ವರ ಮತ್ತು ಸುಬ್ಬ ಹೆಗಲು ಕೊಟ್ಟರು. ಮುಂದಿನ ಒಂದು ತುದಿಗೆ ಆಶಿಷ. ಇನ್ನೊಂದಕ್ಕೆ ಕೇರಿಯ ಹುಡುಗರು ಮುಂದೆ ಬಂದರು. ಅವರ ನಡುವಿನಿಂದ ದತ್ತಾ ಬಂದು ಗಳಕ್ಕೆ ಕೈ ಹಚ್ಚಿದ. ಹುಡುಗರು ಆಶಿಷನ ಮುಖ ನೋಡಿದರು. ಅವನು ನೇರ ಮುಂದೆ ನೋಡುತ್ತಿದ್ದ, ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹುಡುಗರು ಹಿಂದೆ ಸರಿದರು.

ಚಟ್ಟ ಮೇಲೆದ್ದಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ದತ್ತಾನ ಬದಿಗೆ ವಾಲಿತು. ಆಶಿಷ ಆ ಗುಂಪಿನಲ್ಲೇ ಎಲ್ಲರಿಗಿಂತ ಎತ್ತರದವನು. ವರ್ಷಗಟ್ಟಲೆ ಬುಟ್ಟಿ ಹೊತ್ತು ಕುಗ್ಗಿದ ದತ್ತಾ ಅವನ ಭುಜದ ಮಟ್ಟಕ್ಕೂ ಬರುತ್ತಿರಲಿಲ್ಲ. ಹೂಗಳು ಜಾರಿ ಒಂದೇ ಕಡೆಗೆ ಬಂದವು. ದೇಹವೂ ಸ್ವಲ್ಪ ಸರಿಯಿತು.

"ವಾಲ್ತದೆ, ವಾಲ್ತದೆ," ಎಂದು ಹಿಂದಿನಿಂದ ಮಾಬ್ಲೇಶ್ವರ ಕೂಗಿದ. ದತ್ತಾ ಕಾಲ್ಬೆರಳ ತುದಿಯ ಮೇಲೆ ನಿಂತು ಎತ್ತಲು ನೋಡಿದ. ಎಟುಕಲಿಲ್ಲ.

ಆಶಿಷ ಅವನ ಕಡೆ ನೋಡಲಿಲ್ಲ. ಮೊಣಕಾಲು ಬಗ್ಗಿಸಿ, ಬೆನ್ನು ಬಾಗಿಸಿ, ಗಳವನ್ನು ಕೆಳಗೆ, ಇನ್ನೂ ಕೆಳಗೆ ತಂದ. ಚಟ್ಟ ಸಮವಾಯಿತು. ಗಾಳಿಮರಗಳನ್ನು ದಾಟಿ ಕಾಲು ಹೂಳುವ ಮರಳು ಶುರುವಾದ ಮೇಲೂ ಅವನು ನೆಟ್ಟಗಾಗಲಿಲ್ಲ. ಹಾಗೆ ಅರ್ಧ ಕುಕ್ಕರಿಸಿದವನಂತೆಯೇ, ಪಕ್ಕದ ಸಣ್ಣ ಹೆಜ್ಜೆಗಳಿಗೆ ತನ್ನ ಹೆಜ್ಜೆ ಕೂಡಿಸುತ್ತ, ನೀರಿನ ಕಡೆಗೆ ನಡೆದ.