ಪಟದ ಕಂಬದ ಬುಡದಲ್ಲಿ

‘ಲೇಡಿ ಕಿನ್‌ಲಾಕ್’ ಹಡಗನ್ನು ಒಡೆಯುತ್ತಾರೆಂದು ತಿಳಿದಾಗ ನನಗೆ ಏನೂ ಅನಿಸಲಿಲ್ಲ. ಒಲೆಯ ಮೇಲಿದ್ದ ಓಟ್ಸ್ ಗಂಜಿ ಇಳಿಸಿ, ಶಾಲು ಹೊದ್ದು ಗ್ರೀನಕ್ ಬಂದರಿನ ದಡಕ್ಕೆ ನಡೆದೆ.

ಆ ಹಡಗನ್ನು ಕಟ್ಟಿದ ಬಡಗಿಗಳಲ್ಲಿ ನನ್ನ ಗಂಡ ಎಬೆನ್ ಒಬ್ಬ. ಓಕ್ ಮರದ ಮೈ, ಎರಡು ಪಕ್ಕಕ್ಕೂ ಮನೆಯಷ್ಟೆತ್ತರದ ಚಕ್ರ, ನಡುವೆ ಹೊಗೆಕೊಳವೆ. ಆವಿಯನ್ನು ನಂಬದವರ ಸಮಾಧಾನಕ್ಕೆ ಹಾಯಿಪಟಗಳೂ ಇದ್ದವು. ಹೊಸದರಲ್ಲಿ ಅಮೆರಿಕಕ್ಕೆ ಟಪಾಲನ್ನೂ ರೇಷ್ಮೆಯುಟ್ಟ ಹೆಂಗಸರನ್ನೂ ಒಯ್ಯುತ್ತಿತ್ತು. ಆಮೇಲೆ ಕಬ್ಬಿಣದ ಹಡಗುಗಳು ಬಂದವು. ಇದು ಯುದ್ಧಕ್ಕೆ ಸಿಪಾಯಿಗಳನ್ನು ಹೊತ್ತಿತು, ಅವರ ಕುದುರೆಗಳನ್ನೂ ಹೊತ್ತಿತು. ಕೊನೆಗೆ ಚಕ್ರ, ಯಂತ್ರ ಎಲ್ಲ ಕೀಳಿಸಿಕೊಂಡು ಕಲ್ಲಿದ್ದಲಿನ ಉಗ್ರಾಣವಾಗಿ ನಿಂತಿತು. ಮುದುಕಿಯರ ಗತಿ ಎಲ್ಲಿ ಹೋದರೂ ಅಷ್ಟೇ.

ನಮ್ಮಲ್ಲಿ ಪಟದ ಕಂಬ ನಿಲ್ಲಿಸುವಾಗ ಬುಡದಡಿ ಒಂದು ನಾಣ್ಯ ಇಡುವುದು ಪದ್ಧತಿ. ಸಡಿಲ ಮಾಡಿಸಿ ತರುತ್ತೇನೆಂದು ಒಯ್ದಿದ್ದ ನನ್ನ ಮದುವೆಯ ಉಂಗುರವನ್ನೇ ಆ ದಿನ ನಾಣ್ಯದ ಬದಲು ಇಟ್ಟುಬಿಟ್ಟೆನೆಂದು ಎಬೆನ್ ಹೇಳಿದ.

“ಹಡಗು ಇರೋವರೆಗೂ ನಿನ್ ಉಂಗುರ ಸಮುದ್ರ ಸುತ್ತತ್ತೆ ಕಣೇ!”

ಉಂಗುರ ಹೆಂಡದಂಗಡಿ ಸೇರಿತೆಂದು ಊರೆಲ್ಲ ನಕ್ಕಿತು. ನಾನೊಬ್ಬಳು ನಂಬಿದೆ. ಅವನು ಸತ್ತ ಮೇಲೂ ನಕ್ಕವರ ಜೊತೆ ಜಗಳವಾಡಿದೆ, ಬೋಳು ಬೆರಳಲ್ಲೇ ಮುದುಕಿಯಾದೆ.

ಹಡಗು ಒಡೆಯುವವರ ಮೇಸ್ತ್ರಿ ಮುಂಗೋ ಎಬೆನ್‌ನ ಗೆಳೆಯ. ನನ್ನನ್ನು ಕಂಡವನೇ ಗದರಿದ.

“ಮನೇಗ್ ಹೋಗೇ ಮಾರಾಯ್ತಿ, ಚಳಿಗೆ ಸಾಯ್ತೀಯ. ಸಿಕ್ರೆ ನಾನೇ ತಂದ್ಕೊಡ್ತೀನಿ.”

“ಸಿಕ್ರೆ ಅಂತ ಯಾಕಂತೀಯ? ನೀನೂ ನಗೋರ ಜೊತೆ ಸೇರ್ಬಿಟ್ಯಾ?”

ಅವನು ಆಳುಗಳನ್ನು ಕೂಗಿ ಕರೆದ. ಕಂಬ ಎತ್ತಿಸಿ, ಒಬ್ಬನೇ ಹಡಗಿನ ತಳಕ್ಕೆ ಇಳಿದ. ತುಂಬ ಹೊತ್ತು ಬರಲಿಲ್ಲ. ಮೇಲೆ ಬಂದು ಎಲ್ಲರೆದುರು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಉಂಗುರವಿತ್ತು.

“ತಗೋ. ನಿನ್ ಗಂಡ ಸುಳ್ಳು ಹೇಳಿರ್ಲಿಲ್ಲ.”

ಹಿಂದೆ ನಕ್ಕಿದ್ದವರಲ್ಲಿ ಇಬ್ಬರು ಟೋಪಿ ತೆಗೆದರು.

ಉಂಗುರದ ಅಂಚಿನಲ್ಲೊಂದು ಸಣ್ಣ ಮುಕ್ಕು. ಆ ಮುಕ್ಕು ನನಗೆ ಗೊತ್ತು. ಹೋದ ಚಳಿಗಾಲ ಮುಂಗೋನ ಹೆಂಡತಿ ಈಫಿ ತೀರಿಕೊಂಡಾಗ ಹೆಣಕ್ಕೆ ಸ್ನಾನ ಮಾಡಿಸಿದವಳು ನಾನು. ಸಾಬೂನು ಹಚ್ಚಿ ಅವಳ ಬೆರಳಿನಿಂದ ಅವಳ ಮದುವೆಯ ಉಂಗುರವಾದ ಇದನ್ನೇ ಬಿಡಿಸಿ ಅವನ ಕೈಗೆ ಕೊಟ್ಟಿದ್ದೆ.

ಅಂದರೆ ಕಂಬದ ಬುಡದಲ್ಲಿ ಏನೂ ಇರಲಿಲ್ಲ. ಅಳು ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಯಾವುದೂ ಬರಲಿಲ್ಲ. ಮುಂಗೋ ನನ್ನ ಮುಖವನ್ನೇ ನೋಡುತ್ತಿದ್ದ, ಚಾಚಿದ ಕೈ ಹಿಂತೆಗೆದಿರಲಿಲ್ಲ.

“ನಂದೇ,” ಎಂದು ಹಾಕಿಕೊಂಡೆ. ಸಡಿಲವಾಗಿತ್ತು. ಬೀಳದಂತೆ ಬೆರಳು ಮಡಚಿಕೊಂಡು ಮನೆಗೆ ನಡೆದೆ.