ಉಮಾಶ್ರೀಯನ್ನು ಬಿಸಿಲಿಗೆ ನಿಲ್ಲಿಸಬೇಡಿ

ತೆಲಂಗಾಣದ ಗಡಿಯ ನಾರಾಯಣಪೇಟೆ ಹೊಸ ಜಿಲ್ಲೆಯಾದ ವರ್ಷದ ಮಾತು. ಕೃಷ್ಣಾ ಮಂಡಲದ ಒಂದೂರಲ್ಲಿ ಉಮಾಶ್ರೀ ಎಂಬ ನಾಲ್ಕು ವರ್ಷದ ಕೂಸು. ಮುಖ, ಕೈ ತುಂಬ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆ. ಬಿಸಿಲಿಗೆ ಬಂದರೆ ಕಣ್ಣಲ್ಲಿ ನೀರು. ನಾಗದೋಷ ಅಂದರು ಕೆಲವರು, ಬಸುರಿದ್ದಾಗ ತಾಯಿ ಗ್ರಹಣ ನೋಡಿದ್ದಾಳೆ ಅಂದರು ಇನ್ನು ಕೆಲವರು. ಅಂದವರಿಗೇನು ಹೋಯಿತು? ಹೊಟ್ಟೆ ಉರಿದದ್ದು ತಾಯಿ ಶಿವಗಂಗಾಳದು.

ಶಿವಗಂಗಾಳ ತಾತ ಕರಿಬಸಯ್ಯ ಹರಕೆ ಹೊತ್ತ. ಅವಳನ್ನು ಸೋದರಮಾವನಿಗೇ ಕೊಟ್ಟದ್ದರಿಂದ ತಾತನೇ ಮಾವನೂ ಆಗಿದ್ದ. ಆ ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ. ಚರ್ಮದ ಬೇನೆ ಕಳೆಯುವವನು ಸೂರ್ಯನೆಂದು, ಒಂಬತ್ತು ಆದಿತ್ಯವಾರ ಕೂಸಿನ ಮೈಗೆ ತಣ್ಣೀರು ಸುರಿದು ಅಂಗಳದ ಬಿಸಿಲಲ್ಲಿ ನಿಲ್ಲಿಸುವ ಹರಕೆ. ಮೂರನೇ ವಾರ ಮೂಗಿನ ಮೇಲೆ ಹುಣ್ಣು ಎದ್ದಿತು. ಏಳನೆಯದು ಮುಗಿದರೂ ಮಾಯಲಿಲ್ಲ.

ಆಶಾ ಕಾರ್ಯಕರ್ತೆ ವೀರಬಸಮ್ಮ ಹುಣ್ಣು ನೋಡಿದವಳೇ ತಾಯಿ ಮಗಳನ್ನು ರಾಯಚೂರಿನ ಚರ್ಮದ ಡಾಕ್ಟರ ಬಳಿ ಕರೆದೊಯ್ದಳು. ಇದು ಹುಟ್ಟಿನಿಂದ ಬರುವ ಅಪರೂಪದ ಬೇನೆ, ಬಿಸಿಲಿಗೆ ಕೆಟ್ಟ ಚರ್ಮವನ್ನು ಸರಿಮಾಡಿಕೊಳ್ಳುವ ಶಕ್ತಿ ಈ ಕೂಸಿನ ಮೈಗಿಲ್ಲ, ಚಿಕ್ಕಂದಿನಲ್ಲೇ ಕ್ಯಾನ್ಸರ್ ಆಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಹುಣ್ಣಿನ ತುಣುಕನ್ನು ಪರೀಕ್ಷೆಗೆ ಕಳಿಸಿದರು.

ಮುಂದಿನ ಆದಿತ್ಯವಾರ ಕರಿಬಸಯ್ಯ ಮತ್ತೆ ತಂಬಿಗೆ ಹಿಡಿದ.

"ಸೂರ್ಯನಾರಾಯಣ ಕೂಸಿಗೆ ಕೇಡು ಮಾಡ್ತಾನೇನು? ಇನ್ನೆರಡ ವಾರ ಉಳದಾವ."

ಹುಟ್ಟಿದಾಗಿನಿಂದ ಅವನೆದುರು ದನಿ ಎತ್ತದ ಶಿವಗಂಗಾ ತಂಬಿಗೆ ಕಸಿದು ಬಿಸಾಡಿದಳು.

"ಹರಕಿ ನಿಮ್ದು ತಾತ, ಸುಡೋದು ನನ್ನ ಕೂಸಿನ ಮಕ. ಇನ್ನೊಮ್ಮೆ ಆಕಿನ್ನ ಅಂಗಳಕ್ಕ ಎಳದ್ರ ನಾ ಸುಮ್ನಿರಂಗಿಲ್ಲ."

ಮುದುಕ ಎರಡು ದಿನ ಅವಳ ಕೈ ರೊಟ್ಟಿ ಮುಟ್ಟಲಿಲ್ಲ. ಆಮೇಲೆ ವರದಿ ಬಂತು. ಕ್ಯಾನ್ಸರ್. ಬೇಗ ಗೊತ್ತಾಗಿದೆ, ಕೊಯ್ದು ತೆಗೆಯಬಹುದು ಎಂದಿದ್ದರು ಡಾಕ್ಟರು. ಇದು ಯಾರ ಪಾಪದ ಫಲ ಎಂದು ಕರಿಬಸಯ್ಯ ಕಟ್ಟೆಯ ಮೇಲೆ ಕೂತು ಹಲುಬಿದ.

"ಬೇನೆ ತಂದೆ ತಾಯಿ ಇಬ್ಬರ ಕಡಿಂದ ಬಂದೈತ್ರೀ, ಯಾರ ಪಾಪಾನೂ ಅಲ್ಲ," ಎಂದಳು ವೀರಬಸಮ್ಮ. "ಆದ್ರ ಬಿಸಿಲಿಗೆ ನಿಲ್ಲಿಸಿದ್ದು ನೀವ ರೀ ಅಯ್ಯನೋರ. ಅದನ್ನ ಇವತ್ತಿಗೆ ಬಿಡ್ರಿ."

ಶಿವಗಂಗಾ ಅವನನ್ನು ಸಮಾಧಾನ ಮಾಡಲಿಲ್ಲ. ಮಗಳ ಮೂಗಿಗೆ ಕತ್ತರಿ ಬಿದ್ದ ದಿನವೂ ಮಾತಾಡಿಸಲಿಲ್ಲ. ಕರಿಬಸಯ್ಯ ತಾನಾಗಿ ಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಕಟ್ಟಿದ. ನಾಗದೋಷ ಎನ್ನುತ್ತ ಬಂದವರನ್ನು ಬಾಗಿಲಲ್ಲೇ ಬೈದು ಕಳಿಸಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಳೆಗೂಸಿನ ಮೈಮೇಲೆ ಚುಕ್ಕೆ ಹೆಚ್ಚುತ್ತಿದ್ದರೆ, ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟರೆ, ಹುಣ್ಣು ಮಾಯದಿದ್ದರೆ ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸಿ. ಇದು ಅಂಟುವ ಬೇನೆಯಲ್ಲ, ಕೂಸನ್ನು ದೂರ ತಳ್ಳಬೇಡಿ. ತುಂಬು ತೋಳಿನ ಅಂಗಿ, ಟೋಪಿ, ಕಪ್ಪು ಕನ್ನಡಕ ಹಾಕಿ. ರಕ್ತಸಂಬಂಧದ ಮದುವೆಯಲ್ಲಿ ಮಕ್ಕಳಿಗೆ ಇಂಥ ಬೇನೆ ಬರುವ ಸಾಧ್ಯತೆ ಹೆಚ್ಚು, ಹೆಣ್ಣು ಕೊಟ್ಟು ತರುವ ಮುಂಚೆ ಡಾಕ್ಟರನ್ನು ಕೇಳಿ. ದೇವರಿಗೆ ಕೈ ಮುಗಿಯಬೇಡಿ ಎನ್ನುವುದಿಲ್ಲ. ಮೊದಲು ಕೂಸನ್ನು ನೆರಳಿಗೆ ಎತ್ತಿಕೊಳ್ಳಿ, ಆಮೇಲೆ ಮುಗಿಯಿರಿ.