ಗುದ್ದುವ ಚೀಲಕ್ಕೊಂದು ಗದ್ದುಗೆ

“ಬೊಗಳಲೇ ಬಾಡ್ಕೋ, ಇದು ಯಾರ ಚರ್ಮ?”

ಗೌಡ ಗುರುಪುತ್ರಪ್ಪ ಕಟ್ಟೆಯ ಮೇಲಿಂದ ಕೇಳಿದ. ಕಟ್ಟೆಯ ಕೆಳಗೆ, ಗೌಡರ ನೆರಳು ತಾಗದಷ್ಟು ದೂರದಲ್ಲಿ, ಸಮಗಾರ ಉಳವಪ್ಪ ಕೈಕಟ್ಟಿ ನಿಂತಿದ್ದ. ಇಬ್ಬರ ನಡುವೆ ಹೊಸ ಧೋತರ ಹಾಸಿ, ಧೋತರದ ಮೇಲೆ ಬಾಳೆ ಎಲೆ ಹಾಸಿ, ಎಲೆಯ ಮೇಲೊಂದು ಚರ್ಮದ ಚೀಲ ಇಟ್ಟಿದ್ದರು. ಸೋರೆಬುರುಡೆಯನ್ನು ತಲೆಕೆಳಗು ಮಾಡಿದ ಆಕಾರ. ಅದಕ್ಕೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ನೆತ್ತಿಯ ಮೇಲೊಂದು ಸೇವಂತಿಗೆ.

ತಾನೇ ಹೊಲಿದ ಚೀಲದ ಗುರುತು ಹತ್ತಲು ಉಳವಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಬೆಳಗಾವಿ ಕ್ಯಾಂಪಿನ ಬಾಕ್ಸಿಂಗ್ ಅಖಾಡಕ್ಕೆ ಹೊಲಿದುಕೊಟ್ಟಾಗ ಅದಕ್ಕೆ ಹಣೆ ಇರಲಿಲ್ಲ.

“ಸೋಮಂದ್ರಿ, ಗೌಡ್ರ,” ಅಂದ.

“ಸೋಮಾ ಅಂತಾನ ನೋಡ್ರಿ! ನಿನ್ನ ಬಾಯಾಗ ಹುಳಾ ಬೀಳ್ಲಿ. ಸೋಮಣ್ಣ ಅನ್ನು!”

“ಸೋಮಣ್ಣಂದ್ರಿ.”

“ನಮ್ಮ ಮನಿ ದೇವರ ಚರ್ಮಾ ಸುಲದು, ಗಾಳಿ ತುಂಬಿ, ಕಂಡ ಕಂಡ ಮಂದಿ ಕಡಿಂದ ಗುದ್ದಸ್ತೀಯೇನಲೇ ಸೂಳೇಮಗನ? ನನ್ನ ಹೊಟ್ಟ್ಯಾಗ ಹುಟ್ಟಿದಾವನ ಕಡಿಂದನ ಗುದ್ದಸೀದಿ!”

ಗೌಡರ ಹೊಟ್ಟೆಯಲ್ಲಿ ಹುಟ್ಟಿದ ತಮ್ಮಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಬಲಗೈಗೆ ಬಿಳಿ ಪಟ್ಟಿ ಸುತ್ತಿ ಕೊರಳಿಗೆ ನೇತುಹಾಕಿಕೊಂಡಿದ್ದ. ಉಳವಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ.

ಸೋಮ ಅಂದರೆ ಗೌಡರ ಮನೆಯ ಬಿಳಿ ಎತ್ತು. ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ಸತ್ತಿತ್ತು. ಸತ್ತ ದಿನ ಮನೆಮಂದಿಯೆಲ್ಲ ಅದರ ಕೊರಳು ಹಿಡಿದು ಅತ್ತರು. ಹೊಟ್ಟೆ ಉಬ್ಬತೊಡಗಿದ್ದೇ ತಡ, ಅಳು ನಿಂತಿತು. “ಜಲ್ದಿ ಎಳಕೊಂಡ ಹೋಗ್ರಲೇ, ಉಣ್ಣಾಕ ಕುಂದ್ರಾಕ ಆಗವಲ್ದು,” ಅಂತ ಇದೇ ಗೌಡ ಕೇರಿಗೆ ಹೇಳಿಕಳಿಸಿದ್ದ. ಅದರ ಪಾದಕ್ಕೆ ಹಣೆ ಹಚ್ಚುತ್ತಿದ್ದವರಲ್ಲಿ ಒಬ್ಬನೂ ಆ ಪಾದಕ್ಕೆ ಕಟ್ಟಿದ ಹಗ್ಗ ಮುಟ್ಟಲಿಲ್ಲ. ಬೀಡಿ ಊರಿಗೆ ಹೋಗುವ ದಾರಿಯ ಕೆಸರಿನಲ್ಲಿ ಉಳವಪ್ಪನೂ ಕೇರಿಯ ಗಂಡಸರೂ ಅದನ್ನು ಎಳೆದು ಒಯ್ದರು. ಎಳೆದವರಿಗೆ ಚರ್ಮ, ಅದು ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದು ಬಂದ ರೂಢಿ. ಅವತ್ತು ಸೋಮ ಬರೀ ಹೆಣವಾಗಿದ್ದ. ದೇವರಾಗಲು ಅವನಿಗೆ ಒಂದು ವರ್ಷ ಹಿಡಿಯಿತು.

ಉಳವಪ್ಪ ಆ ಚರ್ಮವನ್ನು ಸುಣ್ಣದ ಗುಂಡಿಯಲ್ಲಿ ನೆನೆಸಿ, ಕೂದಲು ಹೆರೆದು, ಅಳಲೆಕಾಯಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕಿ ಹದ ಮಾಡಿದ್ದ. ತೊಡೆಯ ಭಾಗವನ್ನು ಚರ್ಮ ಕೊಯ್ಯುವ ರಂಪಗಿಯಿಂದ ರೊಟ್ಟಿಯಷ್ಟು ತೆಳ್ಳಗೆ ಹೆರೆದ. ಆಮೇಲೆ ಎಲೆಯ ಆಕಾರದ ಹೋಳುಗಳನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ, ಮೇಣ ಹಚ್ಚಿದ ದಾರದಿಂದ ಹೊಲಿಯಬೇಕು. ಹೊಲಿದಾದ ಮೇಲೆ ನೀರು ಚಿಮುಕಿಸಿ, ಸಣ್ಣ ಬಾಯಿಯಲ್ಲಿ ಬೆರಳು ತೂರಿಸಿ, ಹೆರಿಗೆ ಮಾಡಿಸಿದ ಹಾಗೆ ಇಷ್ಟಿಷ್ಟೇ ಹೊರಳಿಸಿ ತೆಗೆಯಬೇಕು. ಒಳಗೆ ರಬ್ಬರಿನ ಪುಗ್ಗೆ ಇಟ್ಟು ಗಾಳಿ ತುಂಬಿ ಬಾಯಿ ಬಿಗಿದರೆ ಸ್ಪೀಡ್ ಬ್ಯಾಗು. ಹಲಗೆಯ ಕೆಳಗೆ ತೂಗುಹಾಕಿ ಗುದ್ದಿದರೆ ಹಲಗೆಗೆ ಬಡಿದು ತಿರುಗಿ ಬರುತ್ತದೆ. ಬಂದದ್ದನ್ನು ಮತ್ತೆ ಗುದ್ದಬೇಕು. ಕೈ ತಡವಾದರೆ ಚೀಲವೇ ಮೂಗು ಹುಡುಕಿಕೊಂಡು ಬರುತ್ತದೆ.

ದಾರಕ್ಕೆ ಮೇಣ ತಿಕ್ಕುತ್ತ ಕೂತಿರುತ್ತಿದ್ದ ಹೆಂಡತಿ ಸಾತವ್ವನಿಗೆ ಇದರ ಉಪಯೋಗ ಮೊದಲ ಸಲ ಹೇಳಿದಾಗ ಅವಳು ಮೇಣ ಕೆಳಗಿಟ್ಟು ನಕ್ಕಿದ್ದಳು. “ಬರೇ ಹೊಡ್ಯಾಕಂತನ ಇದನ್ನ ಮಾಡಸ್ತಾರ? ಯಾಕ, ಹೊಡ್ಯಾಕ ನಮ್ಮ ಕೇರಿ ಸಾಲದಾತೇನ?”

ಚೀಲಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಉಳವಪ್ಪ ಖಾನಾಪುರದಿಂದ ಬೆಳಗಾವಿಯ ಬಸ್ಸು ಹತ್ತುತ್ತಿದ್ದ. ಕ್ಯಾಂಪಿನಲ್ಲಿ ಅಖಾಡ ನಡೆಸುತ್ತಿದ್ದವರು ನಿವೃತ್ತ ಸುಭೇದಾರರೊಬ್ಬರು. ಮರಾಠಿಯಲ್ಲೇ ಬೈದು ಮರಾಠಿಯಲ್ಲೇ ಹೊಗಳುವ ಮನುಷ್ಯ. ಅವರಲ್ಲಿ ಎಲ್ಲರಿಗೂ ಒಂದೇ ಕಿಟ್ಲಿ, ಒಂದೇ ಥರದ ತಗಡಿನ ಮಗ್ಗು. ತಮ್ಮಣ್ಣನೂ ಅಲ್ಲಿ ಕಲಿಯಲು ಬರುತ್ತಿದ್ದ. ಉಳವಪ್ಪ ಕುಡಿದಿಟ್ಟ ಮಗ್ಗಿನಲ್ಲೇ ಚಹಾ ಕುಡಿಯುತ್ತಿದ್ದ. ಉಳವಪ್ಪನ ಜಾತಿ ಬೆಳಿಗ್ಗೆ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಂಜೆ ಅವನು ತಿರುಗಿ ಬರುವ ತನಕ ಅಲ್ಲೇ ಕಾಯುತ್ತಿತ್ತು.

ಹೋದ ವಾರ ತಮ್ಮಣ್ಣ ಚೀಲಕ್ಕೆ ಗುದ್ದಲು ಹೋಗಿ ಹಲಗೆಗೆ ಗುದ್ದಿದ. ಕೈಯ ಎಲುಬು ಬಿರುಕು ಬಿಟ್ಟಿತು. ಕೈ ಹಿಡಿದುಕೊಂಡು ನರಳುತ್ತ ಕೂತವನ ಕಣ್ಣಿಗೆ ತೂಗಾಡುತ್ತಿದ್ದ ಚೀಲದ ಮೇಲಿನ ಕಲೆ ಬಿತ್ತು. ಸೋಮನ ಕಾಲು ಬಾತಾಗ ಗೌಡ ಕುಡುಗೋಲು ಕಾಯಿಸಿ ತೊಡೆಯ ಮೇಲೆ ಎಳೆದಿದ್ದ ಬರೆ. ಚಂದ್ರನ ಚೂರಿನಂಥ ಬರೆ. ಚೀಲ ಬಿಚ್ಚಿಸಿಕೊಂಡು ಮನೆಗೆ ಬಂದು ಅಪ್ಪನಿಗೆ ಹೇಳಿದ. ಗೌಡ ಶಾಸ್ತ್ರಿಯನ್ನು ಕರೆಸಿದ. ಶಾಸ್ತ್ರಿ ಪಂಚಾಂಗ ಬಿಡಿಸಿ, ನಂದಿಯೇ ಮುನಿದು ಕೈ ಮುರಿದಿದೆ, ಚರ್ಮವನ್ನು ಸಕಲ ಮರ್ಯಾದೆಯಿಂದ ಮಣ್ಣಿಗಿಟ್ಟು ಗದ್ದುಗೆ ಕಟ್ಟಿಸಬೇಕು ಅಂದ. ಮಗನಿಗೆ ಗುದ್ದಲು ಬರುವುದಿಲ್ಲ ಎಂಬ ಸಂಗತಿ ಆ ಪಂಚಾಂಗದಲ್ಲಿ ಇದ್ದಂತಿರಲಿಲ್ಲ.

“ಬರೂ ಸೋಮವಾರ ಗದ್ದಿಗಿ,” ಗೌಡ ಈಗ ಕಟ್ಟೆಯ ಮೇಲಿಂದ ಹೇಳಿದ. “ಹಳ್ಳದ ದಂಡಿಮ್ಯಾಲಿನ ಬಯಲಾಗ. ಪಾಪಾ ಮಾಡಿದಾವ ನೀನು. ತೆಗ್ಗು ನೀನ ತೋಡಬೇಕು.”

ಇಷ್ಟು ಹೊತ್ತು ನೆಲ ನೋಡುತ್ತಿದ್ದ ಉಳವಪ್ಪ ತಲೆ ಎತ್ತಿದ. “ಗೌಡ್ರ, ಅದು ನಮ್ಮ ಕೇರಿ ಹೆಣಾ ಇಡೂ ಜಾಗಾರಿ. ನಮ್ಮಪ್ಪನ್ನೂ ಅಲ್ಲೇ ಇಟ್ಟೀವ್ರಿ.”

“ನಿಮ್ಮ ಜಾಗಾ? ಯಾವಾವ ಕೊಟ್ಟಾನಲೇ ನಿಮಗ ಜಾಗಾ? ನಮ್ಮ ಹೊಲದ ಬದುವಿನ್ಯಾಗ ನಿಮ್ಮಪ್ಪ ಇಷ್ಟ ವರ್ಷ ಪುಕ್ಕಟೆ ಮಲಗ್ಯಾನ. ಅದಕ್ಕ ನಾ ಏನರ ಅಂದೇನೇನು?”

“ಇನ್ ಮುಂದ ಅದು ಪುಣ್ಯಸ್ಥಳ,” ಶಾಸ್ತ್ರಿ ಸಮಾಧಾನದ ದನಿಯಲ್ಲಿ ಹೇಳಿದ. “ಅಲ್ಲಿ ಹೊಲಸು ಮಾಡಬಾರದಪಾ.”

“ಹಂಗಾರ ನಾವು ಸತ್ರ ಎಲ್ಲಿ ಹೋಗೂದ್ರಿ?”

“ಸಾಯಬ್ಯಾಡ್ರಿ,” ಅಂದ ಗೌಡ.

ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ತಮ್ಮಣ್ಣ ನಕ್ಕಾಗ ಕೈ ನೊಂದು ಅಯ್ಯಯ್ಯೋ ಅಂದ. ಅದಕ್ಕೂ ನಕ್ಕರು.

ಕೇರಿಯ ಗುಡಿಸಲಲ್ಲಿ ಉಳವಪ್ಪನ ತಾಯಿ ಅಕ್ಕವ್ವ ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು, ಬಾಯಿ ಮಾತ್ರ ಚುರುಕಾಗಿತ್ತು. ಮಗ ಹೇಳಿದ್ದನ್ನು ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಎತ್ತಿಗೆ ಗದ್ದಿಗಿ?”

“ಹೂಂ.”

“ಅದರ ಖಂಡಾ ನಾವು ತಿಂದೀವಲ್ಲೋ ಮಗನ. ಹಂಗಾರ ಅರ್ಧಾ ದೇವರು ನಮ್ಮ ಹೊಟ್ಟ್ಯಾಗ ಐತಿ. ನಮಗೂ ಒಂದೊಂದು ಗದ್ದಿಗಿ ಕಟ್ಟಸ್ತಾನೇನು ಕೇಳಬೇಕಿತ್ತು.”

ಸಾತವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮುದುಕಿ ಕೆಮ್ಮಿ ಕೆಮ್ಮಿ ಸುಮ್ಮನಾದಳು. ಉಳವಪ್ಪನಿಗೆ ನಗು ಬರಲಿಲ್ಲ. ಅಪ್ಪನನ್ನು ಇಟ್ಟ ಮಣ್ಣಿನ ಮೇಲೆ ಪ್ರತಿ ವರ್ಷ ತಾಯಿಯೇ ನೀರು ಹಾಕಿ ಬರುತ್ತಿದ್ದಳು. ತನಗೂ ಅದರ ಬಾಜೂಕೇ ಜಾಗ ಎಂದು ಎಷ್ಟೋ ಸಲ ಕೋಲಿನಿಂದ ಗೆರೆ ಎಳೆದು ತೋರಿಸಿದ್ದಳು.

ಆದಿತ್ಯವಾರ ಉಳವಪ್ಪ ಗುದ್ದಲಿ ಹಿಡಿದ. ತೋಡುವುದಿಲ್ಲ ಅಂದಿದ್ದರೆ ಕೇರಿಗೆ ಬಾವಿಯ ನೀರು ಬಂದ್ ಆಗುತ್ತಿತ್ತು. ಹಿಂದೊಮ್ಮೆ ಆಗಿತ್ತು. ಶಾಸ್ತ್ರಿ ಗಾಳಿ ಬರುವ ಕಡೆ ನಿಂತು, ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು, ಇಷ್ಟು ಉದ್ದ ಇಷ್ಟು ಆಳ ಎಂದು ಬೆರಳಿನಿಂದ ಗಾಳಿಯಲ್ಲೇ ತೋರಿಸುತ್ತಿದ್ದ. ಎದೆಯಾಳಕ್ಕೆ ಬಂದಾಗ ಗುದ್ದಲಿಗೆ ಎಲುಬು ಸಿಕ್ಕಿತು. ಉಳವಪ್ಪ ಮಂಡಿಯೂರಿ ಕೈಯಿಂದ ಮಣ್ಣು ಸರಿಸಿದ. ಮೊಣಕಾಲಿನದೊಂದು, ಪಕ್ಕೆಯದೊಂದಿಷ್ಟು. ಯಾರವು ಎಂದು ಹೇಗೆ ಹೇಳುವುದು? ಬದುಕಿದ್ದಾಗಲೇ ಕೇರಿಯವರನ್ನು ಊರು ಒಂದೇ ಹೆಸರಿನಿಂದ ಕರೆಯುತ್ತಿತ್ತು. ಸತ್ತ ಮೇಲೆ ಮಣ್ಣೂ ಹಾಗೇ ಮಾಡಿತ್ತು.

“ಏನದು?” ಶಾಸ್ತ್ರಿ ಕೇಳಿದ.

“ನಮ್ಮ ಮಂದಿರಿ.”

“ಒಂದ ಚೂರೂ ಉಳೀಬಾರದು. ಹಳ್ಳಕ್ಕ ಒಗಿ. ಜಲ್ದಿ.”

ಉಳವಪ್ಪ ತಲೆಯ ವಸ್ತ್ರ ಬಿಚ್ಚಿ, ಎಲುಬುಗಳನ್ನು ಅದರಲ್ಲಿಟ್ಟು ಗಂಟು ಕಟ್ಟಿದ. ಹಳ್ಳಕ್ಕೆ ಒಗೆಯಲಿಲ್ಲ. ಬಗಲಲ್ಲಿ ಹಿಡಿದುಕೊಂಡು ಮನೆಗೆ ಬಂದ. ಶಾಸ್ತ್ರಿ ನೋಡಿದ. ಹತ್ತಿರ ಹೋಗಿ ತಡೆಯುವುದೆಂದರೆ ಮೈಲಿಗೆ. ಹಾಗಾಗಿ ನೋಡಲಿಲ್ಲ ಎಂದುಕೊಂಡ.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಅಕ್ಕವ್ವ ಸತ್ತಳು.

ಉಳವಪ್ಪ ಗೌಡರ ಮನೆಗೆ ಓಡಿದ. ಅಂಗಳ ತುಂಬ ತೋರಣ, ಖಾನಾಪುರದಿಂದ ಬಂದ ಬ್ಯಾಂಡಿನವರು ಚಹಾ ಕುಡಿಯುತ್ತಿದ್ದರು. ಪಲ್ಲಕ್ಕಿಯಲ್ಲಿ ಮಕಮಲ್ಲಿನ ಲೋಡಿನ ಮೇಲೆ ಚೀಲ ಕೂತಿತ್ತು. ಸೊರಗಿದ ದೇವರನ್ನು ಗದ್ದುಗೆಗೆ ಇಡಬಾರದೆಂದು ಸೈಕಲ್ ಅಂಗಡಿಯವನನ್ನು ಕರೆಸಿ ಪಂಪು ಹೊಡೆಸಿದ್ದರು. ಸೋಮ ಬಿಗಿಯಾಗಿ, ಹೊಳೆಯುತ್ತ, ಬದುಕಿದ್ದಾಗಿನದಕ್ಕಿಂತ ಗೆಲುವಾಗಿದ್ದ.

ಗೌಡ ರೇಶಿಮೆ ಮಡಿ ಉಟ್ಟು ಬಾಗಿಲಿಗೆ ಬಂದ.

“ಗೌಡ್ರ, ನಮ್ಮವ್ವ ಹೋದಳ್ರಿ. ಆ ಬಯಲಿನ ಮೂಲ್ಯಾಗ ಒಂದೀಟ ಜಾಗಾ...”

“ಇವತ್ತ ಎಂಥಾ ದಿನಾ ಐತಿ, ನಿಮ್ಮವ್ವಗ ಇವತ್ತ ಸಾಯಬೇಕಾಗಿತ್ತೇನಲೇ? ಬೇಕಂತನ ಮಾಡ್ಯಾಳ ಮುದುಕಿ!” ಗೌಡ ಹಲ್ಲು ಕಡಿದ. “ನೋಡ, ಹೆಣಾ ಹೊರಗ ತಗದ್ರ ಕಾಲ ಮುರೀತೇನಿ. ಬಾಗಲಾ ಹಾಕ್ಕೊಂಡು ಸುಮ್ಮ ಕುಂದರ್ರಿ. ಅಳೂ ಸಪ್ಪಳಾನೂ ಬರಬಾರದು, ಮಂತ್ರಾ ಕೆಡತಾವ. ನಾಳೆ ಅಡವ್ಯಾಗ ಎಲ್ಲ್ಯರ ಒಗದ ಬರ್ರಿ. ಫಾರೆಸ್ಟಿನವ್ರು ಹಿಡದ್ರ ಮಾತ್ರ ನನ್ನ ಹೆಸರ ಹೇಳಬ್ಯಾಡ್ರಿ.”

ಉಳವಪ್ಪ ತಿರುಗಿ ಬಂದ. ಗುಡಿಸಲಿನ ಮುಂದೆ ಕೇರಿಯವರೆಲ್ಲ ಕೂಡಿದ್ದರು. ಅವನು ಗೌಡ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿ, ತಾಯಿಯ ಕಾಲ ಹತ್ತಿರ ಕುಸಿದು ಕೂತ.

“ತೆಗ್ಗು ತೋಡಿದ್ದು ಯಾರು?” ಸಾತವ್ವ ಕೇಳಿದಳು.

“ಯಾಕ?”

“ಯಾರು ತೋಡಿದ್ರು, ಅದನ್ನ ಹೇಳು.”

“ನಾ ತೋಡೇನಿ.”

“ಯಾರ ಜಾಗಾದಾಗ?”

ಉಳವಪ್ಪ ಅವಳ ಮುಖ ನೋಡಿದ. ಆಮೇಲೆ ಎದ್ದ.

ಗೌಡರ ಅಂಗಳದಲ್ಲಿ ಬ್ಯಾಂಡು ಶುರುವಾಗುವ ಹೊತ್ತಿಗೆ ಅಕ್ಕವ್ವನ ಹೆಣ ಕೇರಿಯ ಹಿಂದಿನ ಕಾಲುದಾರಿಯಲ್ಲಿ ಇಳಿಯುತ್ತಿತ್ತು. ಅಳಲು ಯಾರೂ ಹೆದರಬೇಕಾಗಲಿಲ್ಲ. ಬ್ಯಾಂಡಿನ ಸಪ್ಪಳದಲ್ಲಿ ಎಲ್ಲರೂ ಬಾಯಿತುಂಬ ಅತ್ತರು. ಶಾಸ್ತ್ರಿ ಅಳೆದು ತೋಡಿಸಿದ ತೆಗ್ಗು ಅಕ್ಕವ್ವನಿಗೆ ಸರಿಯಾಯಿತು. ಗೌಡರ ಕಡೆಯವರು ಮೊದಲೇ ರಂಗೋಲಿ ಹಾಕಿ, ಸುತ್ತ ಬಾಳೆಕಂಬ ನಿಲ್ಲಿಸಿಟ್ಟಿದ್ದರು. ಕೇರಿಯಲ್ಲಿ ಇಷ್ಟು ಚೆಂದದ ಕುಣಿ ಯಾರಿಗೂ ಸಿಕ್ಕಿರಲಿಲ್ಲ. ಉಳವಪ್ಪ ಎಲುಬಿನ ಗಂಟನ್ನು ತಾಯಿಯ ಬಗಲಿಗೆ ಇಟ್ಟ. ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ಸಾತವ್ವ ಮೇಲೆ ಒಂದು ಕೊಡ ನೀರು ಸುರಿದಳು.

ಮೆರವಣಿಗೆ ಬಯಲಿಗೆ ಬಂದಾಗ ಕೇರಿ ಇಡೀ ಹಸಿ ಮಣ್ಣಿನ ಸುತ್ತ ಕೂತಿತ್ತು. ಬ್ಯಾಂಡು ಅರ್ಧಕ್ಕೆ ನಿಂತಿತು. ತುತ್ತೂರಿಯವನೊಬ್ಬ ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದ; ಬಾಜೂಕಿನವ ತಿವಿದ ಮೇಲೆ ನಿಲ್ಲಿಸಿದ.

“ಯಾರನ್ನ ಇಟ್ಟೀರಲೇ ಅದರಾಗ?” ಗೌಡನ ದನಿ ಒಡೆಯಿತು.

“ನಮ್ಮವ್ವನ್ನ್ರಿ,” ಅಂದ ಉಳವಪ್ಪ.

“ತಗೀರಿ! ಈಗಿಂದೀಗ ಹೊರಗ ತಗೀರಿ!”

ಉಳವಪ್ಪ ಎದ್ದು, ಸಲಿಕೆಯನ್ನು ತಂದು ಗೌಡನಿಂದ ಒಂದು ಮಾರು ದೂರದಲ್ಲಿ ನೆಲಕ್ಕಿಟ್ಟ. “ನಾವು ಇಡಾವ್ರು ಇಟ್ಟೀವ್ರಿ. ತಗ್ಯಾವ್ರು ತಗೀರಿ. ಅಡ್ಡ ಬರೂದಿಲ್ಲ.” ಹೋಗಿ ಮತ್ತೆ ತನ್ನ ಜಾಗದಲ್ಲಿ ಕೂತ.

ಗೌಡ ಪಲ್ಲಕ್ಕಿ ಹೊತ್ತ ತನ್ನ ಆಳಿನ ಕಡೆ ತಿರುಗಿದ. “ಏ ಸಾತಪ್ಪಾ, ಹಿಡಿ ಸಲಿಕಿ.”

“ನಾನ್ರೀ?” ಸಾತಪ್ಪನ ಮುಖ ಬಿಳುಪೇರಿತು. “ದೇವರು ಹೆಗಲ ಮ್ಯಾಲ ಐತ್ರಿ ಗೌಡ್ರ. ನಾ ಹೆಣಾ ಮುಟ್ಟಿದ್ರ ಸೋಮಣ್ಣಗ ಮೈಲಿಗಿ ಆಗತೈತ್ರಿ.”

ಗೌಡ ಉಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಒಬ್ಬೊಬ್ಬರೂ ತಂತಮ್ಮ ಕಾಲ ಹೆಬ್ಬೆರಳು ನೋಡಿಕೊಂಡರು. ಶಾಸ್ತ್ರಿ ಯಾವಾಗಲೋ ಹಿಂದಕ್ಕೆ ಸರಿದಿದ್ದ.

“ಪೊಲೀಸ್ರನ್ನ ಕರಸ್ತೇನಿ! ಚರ್ಮಾ ಸುಲಸ್ತೇನಿ ನಿಮ್ಮೆಲ್ಲಾರದೂ!”

“ಕರಸ್ರಿ,” ಸಾತವ್ವ ಕೂತಲ್ಲಿಂದಲೇ ಅಂದಳು. “ಹೊಡಸ್ರಿ. ಹೊಡಸಿದ ಮ್ಯಾಲೂ ಅಕಿನ್ನ ಮುಟ್ಟಿ ಮ್ಯಾಲ ಎತ್ತಾಕ ಯಾರರ ಒಬ್ಬರು ಬೇಕಲ್ರೀ. ನಾವಂತೂ ಎತ್ತೂದಿಲ್ಲ.”

ಗೌಡ ಶಾಸ್ತ್ರಿಯನ್ನು ಕೇಳಿದ, ಪಲ್ಲಕ್ಕಿ ತಿರುಗಿ ಒಯ್ಯಬಹುದೋ ಎಂದು. ಹೊರಟ ದೇವರು ತಿರುಗಿ ಮನೆಗೆ ಹೋದರೆ ವಂಶಕ್ಕೆ ಕೇಡು ಅಂದ ಶಾಸ್ತ್ರಿ. ಹಾಗಾದರೆ ಇಲ್ಲೇ ಇಳಿಸೋಣವೋ? ಗದ್ದುಗೆಗೆ ಮೊದಲು ನೆಲ ತಾಗಬಾರದು. ಅದರಲ್ಲೂ ಈಗ ಈ ನೆಲ.

ಬಿಸಿಲು ಏರಿತು. ಬ್ಯಾಂಡಿನವರು ಒಬ್ಬೊಬ್ಬರಾಗಿ ಮರದ ನೆರಳಿಗೆ ಜಾರಿದರು. ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸಿದರು; ಸ್ವಲ್ಪ ಹೊತ್ತಿಗೆ ಮತ್ತೆ ಬದಲಿಸಿದರು. ಸಾತಪ್ಪನ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗೌಡ ಸಲಿಕೆಯ ಮುಂದೆ ನಿಂತೇ ಇದ್ದ. ಅದರ ಹಿಡಿಗೆ ಅಕ್ಕವ್ವನ ಕುಣಿಯ ಹಸಿಮಣ್ಣು ಅಂಟಿತ್ತು. ಯಾರೂ ಬಗ್ಗಲಿಲ್ಲ.